ಆರ್ವೋ ನಿಯೆಮಿಯ ದನಿ ಎಲ್ಲಿ ಹೋಯಿತು

ಮದುವೆಯಾದಾಗಿನಿಂದ ಲೋರ್ನಾಗೆ ಗಂಡನ ಮೇಲಿದ್ದ ದೊಡ್ಡ ದೂರು ಒಂದೇ. ಊಟಕ್ಕೆ ಕರೆದರೆ ಬರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲಮಾಳಿಗೆಯ ಮೆಟ್ಟಿಲ ಕಡೆ ಮುಖ ಮಾಡಿ, "ಆರ್ವೋ, ಸೂಪ್ ಆರ್ತಾ ಇದೆ!" ಎಂದು ಕೂಗಿದರೆ ಕೆಳಗಿನಿಂದ "ಬಂದೆ, ಬಂದೆ" ಎಂದು ದಪ್ಪ ದನಿಯೊಂದು ಬರುತ್ತಿತ್ತು. ದನಿ ಬರುತ್ತಿತ್ತೇ ಹೊರತು ಆಸಾಮಿ ಬರುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತವನಿಗೆ ಒಂದು ಕಮಾಂಡು ಮುಗಿಯಬೇಕು, ಅದು ಮುಗಿದರೆ ಇನ್ನೊಂದು ಶುರುವಾಗಬೇಕು. ಸೂಪನ್ನು ಮತ್ತೆ ಮತ್ತೆ ಬಿಸಿ ಮಾಡುವುದರಲ್ಲೇ ತನ್ನ ಅರ್ಧ ಆಯಸ್ಸು ಹೋಯಿತೆಂದು ಅವಳು ಥಂಡರ್ ಬೇ ಊರಿಗೆಲ್ಲ ಸಾರಿಕೊಂಡು ಬಂದಿದ್ದಳು.

ಈಗ ಕರೆದ ಕೂಡಲೇ ಬರುತ್ತಾನೆ. ಅವಳ ಕೂಗು ಮುಗಿಯುವ ಮೊದಲೇ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸುತ್ತದೆ. "ಬಂದೆ" ಎನ್ನಲು ಆಗದವನು ಇನ್ನೇನು ಮಾಡಿಯಾನು? ಗಂಟಲಿನ ಕ್ಯಾನ್ಸರ್ ಎಂದು ಡಾಕ್ಟರು ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಆಸ್ಪತ್ರೆಯಿಂದ ಬಂದ ಮೊದಲ ದಿನ ಹಾಗೆ ಒಂದೇ ಕೂಗಿಗೆ ಮೇಲೆ ಬಂದು ಮೇಜಿನ ಮುಂದೆ ಕೂತಾಗ, ಲೋರ್ನಾ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಅತ್ತಿದ್ದಳು.

ದನಿಯನ್ನು ಉಳಿಸಿಕೊಳ್ಳಲು ಮೊದಲೇ ಏರ್ಪಾಡು ಆಗಿತ್ತು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಓಡೆಟ್ ಎಂಬ ಹೆಣ್ಣುಮಗಳು ಆಪರೇಷನ್ನಿಗೆ ಮುಂಚೆಯೇ ಒಂದು ಕಂತೆ ವಾಕ್ಯಗಳನ್ನು ಕೊಟ್ಟಿದ್ದಳು. ಅವನ್ನೆಲ್ಲ ಓದಿ ರೆಕಾರ್ಡ್ ಮಾಡಿಟ್ಟರೆ, ಅದರಿಂದ ಅವನದೇ ದನಿಯನ್ನು ಕಟ್ಟಿ ಕೊಡುತ್ತಾರೆ. ಮುಂದೆ ಅವನು ಟ್ಯಾಬ್ಲೆಟ್ಟಿನಲ್ಲಿ ಬೆರಳಚ್ಚಿಸಿದ್ದನ್ನು ಅದು ಅವನ ದನಿಯಲ್ಲೇ ಆಡುತ್ತದೆ. ಬೇರೆಯವರೆಲ್ಲ ಆ ಕಂಪನಿಯ ವೆಬ್‌ಸೈಟಿಗೇ ಹೋಗಿ ಓದಿ ಬರುತ್ತಾರೆ. ಆರ್ವೋ ಒಪ್ಪಬೇಕಲ್ಲ! ಧಾನ್ಯದ ಗೋದಾಮಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರಾದ ಮೇಲೆ ಅವನು ಲಿನಕ್ಸ್ ಎಂಬ, ಯಾವ ಕಂಪನಿಗೂ ಸೇರದ ಕಂಪ್ಯೂಟರ್ ವ್ಯವಸ್ಥೆಯ ಹುಚ್ಚಿಗೆ ಬಿದ್ದ ಮನುಷ್ಯ. ಶನಿವಾರ ಲೈಬ್ರರಿಯಲ್ಲಿ ಸೇರುವ ಆ ಜನರ ಜಾಯಮಾನವೇ ಹಾಗೆ. ತಮ್ಮ ಒಂದು ಫೋಟೋವನ್ನೂ ಬೇರೆಯವರ ಯಂತ್ರದಲ್ಲಿ ಇಡುವವರಲ್ಲ.

"ನನ್ನ ದನಿ ಯಾರದೋ ಕಂಪ್ಯೂಟರಿನಲ್ಲಿ ಯಾಕೆ ಬಿದ್ದಿರಬೇಕು? ಮನೇಲೇ ರೆಕಾರ್ಡ್ ಮಾಡ್ತೀನಿ. ನನ್ನ ಬ್ಯಾಕಪ್ ನನ್ನ ಹತ್ರ. ಕೊನೇಲಿ ಅವರಿಗೆ ಒಂದು ಪ್ರತಿ ಕೊಟ್ರಾಯ್ತು" ಎಂದಿದ್ದ, ಆಗಲೇ ಒಡೆದುಹೋಗಿದ್ದ ದನಿಯಲ್ಲಿ.

ಮನೆಯಲ್ಲಿ ಸದ್ದಿಲ್ಲದ ಜಾಗ ಎಂದರೆ ನೆಲಮಾಳಿಗೆಯ ಸೌನಾ, ಬಿಸಿ ಹಬೆಯಲ್ಲಿ ಬೆವರುವ ಸ್ನಾನದ ಕೋಣೆ. ಆರ್ವೋನಂಥ ಫಿನ್ನರ ಮನೆಯಲ್ಲಿ ಕಾರಿಲ್ಲದಿದ್ದರೂ ಸೌನಾ ಇರುತ್ತದೆ. ಒಲೆ ಉರಿಸದ ಆ ಮರದ ಕೋಣೆಯಲ್ಲಿ ಕೋಟು ಹಾಕಿಕೊಂಡು, ಮೆಟ್ಟಿಲ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೈಕಿನ ಮುಂದೆ ದಿನಗಟ್ಟಲೆ ಓದಿದ. ಓದಿ ಮೇಲೆ ಬಂದು ಹೆಂಡತಿಯ ಹತ್ತಿರ ಕೊಚ್ಚಿಕೊಂಡಿದ್ದ: "ಲ್ಯಾಪ್‌ಟಾಪಿನಲ್ಲಿದೆ, ಬ್ಯಾಕಪ್ ಡಿಸ್ಕಿನಲ್ಲಿದೆ, ಟ್ಯಾಬ್ಲೆಟ್ಟಿಗೂ ತಾನಾಗೇ ಹೋಗುತ್ತೆ. ಮೂರು ಕಡೆ ಇದೆ ಕಣೇ. ಮನೆಗೆ ಬೆಂಕಿ ಬಿದ್ರೂ ಹೆದರಬೇಡ."

ಬೆಂಕಿಯೇನೂ ಬೀಳಲಿಲ್ಲ. ಗುರುವಾರ ಬೆಳಿಗ್ಗೆ ಓಡೆಟ್ ಫೋನ್ ಮಾಡಿ, ಗಾಯ ಚೆನ್ನಾಗಿ ಮಾಯುತ್ತಿದೆಯಲ್ಲ, ಇನ್ನು ರೆಕಾರ್ಡಿಂಗ್ ಕಳಿಸಿಕೊಡಿ ಎಂದಳು. ಆರ್ವೋ ಹುರುಪಿನಿಂದ ಕೆಳಗೆ ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಪ್ರತಿ ಗುರುವಾರದ ವಾಡಿಕೆಯ ಬಟಾಣಿ ಸೂಪಿಗೆ ಕಾಳು ಬೇಯಲು ಇಟ್ಟಿದ್ದ ಲೋರ್ನಾ ತಿರುಗಿ ನೋಡುವಾಗ ಅವನು ಬಾಗಿಲಲ್ಲಿ ನಿಂತಿದ್ದ, ಮೊಮ್ಮಗಳು ಬಿಟ್ಟುಹೋದ ಬಿಳಿ ಬರೆಯುವ ಹಲಗೆಯನ್ನು ಎದೆಗೆ ಹಿಡಿದುಕೊಂಡು. ಹಲಗೆಯ ಮೇಲೆ "ಇಲ್ಲ" ಎಂದಿತ್ತು.

"ಏನಿಲ್ಲ?"

ಒರೆಸಿ ಬರೆದ. "ದನಿ."

"ಇಲ್ಲ ಅಂದ್ರೆ? ಮೂರು ಕಡೆ ಇದೆ ಅಂದಿದ್ದೆಯಲ್ಲ!"

ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರೇ ಇಲ್ಲ, ಡಿಸ್ಕಿನಲ್ಲೂ ಇಲ್ಲ, ಟ್ಯಾಬ್ಲೆಟ್ಟಿನಲ್ಲೂ ಇಲ್ಲ ಎಂದು ಅವನು ಬರೆಬರೆದು ಒರೆಸುತ್ತಿದ್ದ. ಟ್ಯಾಬ್ಲೆಟ್ ಎಂದು ಓದಿದ ಕೂಡಲೇ ಲೋರ್ನಾ ಒಲೆ ಆರಿಸಿದಳು.

"ಟ್ಯಾಬ್ಲೆಟ್ಟಿಂದ ಅಳಿಸಿದ್ದು ನಾನು."

ಆಸ್ಪತ್ರೆಯಲ್ಲಿ, ಆಪರೇಷನ್ನಿನ ಮಾರನೆಯ ದಿನ, ಮಾತಾಡುವ ಆಪ್ ಹಾಕಿಕೊಳ್ಳಿ ಎಂದು ನರ್ಸು ಹೇಳಿದ್ದಳು. ಹಾಕಲು ಹೋದರೆ ಜಾಗವಿಲ್ಲ ಎಂದಿತು ಟ್ಯಾಬ್ಲೆಟ್. ಆರ್ವೋ ಮಂಪರಿನಲ್ಲಿದ್ದ. ಲೋರ್ನಾ ನೋಡಿದಳು, ಎಲ್ಲಕ್ಕಿಂತ ದಪ್ಪದ ಫೋಲ್ಡರು ಅವನ ರೆಕಾರ್ಡಿಂಗಿನದು. ಮೂರು ಕಡೆ ಇರುವುದರಲ್ಲಿ ಒಂದು ಕಡೆ ತೆಗೆದರೆ ಇನ್ನೂ ಎರಡು ಕಡೆ ಇರುತ್ತದೆ ಎಂಬುದು ಯಾರಿಗಾದರೂ ಹೊಳೆಯುವ ಲೆಕ್ಕ. ಅಳಿಸಿದಳು. ಅಲ್ಲಿ ಅಳಿಸಿದ್ದನ್ನು ಇಲ್ಲೂ ಅಳಿಸುವುದೇ ಸಿಂಕ್ ಎಂಬುದರ ಕೆಲಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದ ದಿನವೇ ಅದು ಟ್ಯಾಬ್ಲೆಟ್ಟಿನ ಮಾತು ಕೇಳಿಕೊಂಡು, ಸದ್ದಿಲ್ಲದೆ ತನ್ನಲ್ಲಿದ್ದುದನ್ನೂ ಅಳಿಸಿಹಾಕಿತ್ತು.

ಆರ್ವೋ ಅವಳನ್ನೇ ನೋಡಿದ. ಬಯ್ದಿದ್ದರೆ ಚೆನ್ನಾಗಿತ್ತು. ಅವನು ನಿಧಾನವಾಗಿ ಬರೆದ: "ನಾನು ಹೇಳಿಕೊಡಬೇಕಿತ್ತು. ತಪ್ಪು ನಂದು."

"ನಿಂದಲ್ಲ, ನಂದು!"

"ನಂದು" ಎಂಬುದರ ಕೆಳಗೆ ಅವನು ಗೆರೆ ಎಳೆದ. ಅವಳು ಆ ಹಲಗೆ ಕಸಿದುಕೊಂಡು ಒರೆಸಿ, ದೊಡ್ಡ ಅಕ್ಷರದಲ್ಲಿ "ನಂದು" ಎಂದು ಬರೆದು ತೋರಿಸಿದಳು. ತಾನು ಬಾಯಿ ಬಿಟ್ಟೇ ಹೇಳಬಹುದು ಎಂಬುದು ಆಮೇಲೆ ನೆನಪಾಯಿತು. ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. ಮತ್ತೆ ಓದಿ ರೆಕಾರ್ಡ್ ಮಾಡೋಣ ಎನ್ನಲು ಗಂಟಲೇ ಇಲ್ಲ. ಹೋದದ್ದು ಹೋದರೆ ಹೋದ ಹಾಗೆಯೇ.

ಅವಳು ಬರ್ನೀಸ್ ಕೊವಾಲ್ಚುಕ್‌ಗೆ ಫೋನ್ ಹಚ್ಚಿದಳು.

ಬರ್ನೀಸ್ ರೈಲ್ವೆ ಸಿಗ್ನಲ್ ವಿಭಾಗದಲ್ಲಿ ದುಡಿದು ಬಂದವಳು. ಲೈಬ್ರರಿಯ ಶನಿವಾರದ ಗುಂಪಿನಲ್ಲಿ ಆರ್ವೋನ ಜತೆ ವಾರವಾರವೂ ಜಗಳವಾಡಿ, ಜಗಳ ಮುಗಿಸಲೆಂದು ಮುಂದಿನ ವಾರ ಮತ್ತೆ ಬರುವವಳು. ಹಿಮದ ಬೂಟು ಬಿಚ್ಚುತ್ತಲೇ, ಗುಲಾಬಿ ಕೆನೆ ಬಳಿದ ಪರ್ಷಿಯನ್ ಬನ್ನುಗಳ ಡಬ್ಬಿಯನ್ನು ಲೋರ್ನಾಳ ಕೈಗಿಟ್ಟಳು.

"ಎಲ್ಲಿ ನಿನ್ನ ಮುದುಕ? ಏನಯ್ಯಾ, ವಾರಕ್ಕೊಮ್ಮೆ ಕೆಡೋ ಆ ಜಾತಿ ಲಿನಕ್ಸ್ ಹಾಕ್ಕೋಬೇಡ ಅಂದೆ, ಕೇಳಿದೆಯಾ?"

ಆರ್ವೋ ಎಂದಿನಂತೆ ಎದುರುತ್ತರ ಕೊಡುವ ಬದಲು ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡ. ಅದನ್ನು ನೋಡಿ ಬರ್ನೀಸಳ ತಮಾಷೆ ಅಲ್ಲಿಗೇ ನಿಂತಿತು. ಅವಳು ಅವನ ಭುಜ ತಟ್ಟಿ, "ನಡಿ, ನೋಡೋಣ" ಎಂದಳು.

ಮೂವರೂ ಕೆಳಗೆ ಹೋದರು. ಲೋರ್ನಾ ಸಾಮಾನ್ಯವಾಗಿ ಆ ಕೋಣೆಗೆ ಕಾಲಿಡುವವಳಲ್ಲ. ಇವತ್ತು ಮೇಲೆ ಒಬ್ಬಳೇ ನಿಲ್ಲಲಾರದೆ, ಹಳೆಯ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಳು.

"ಅಳಿಸಿದ್ದನ್ನ ಮತ್ತೆ ಎಬ್ಬಿಸೋ ಪ್ರೋಗ್ರಾಮು ಇರುತ್ತಂತಲ್ಲ?" ಎಂದು ಕೇಳಿದಳು.

"ಹಳೇ ಕಾಲದ ಡಿಸ್ಕಾಗಿದ್ರೆ ನೋಡಬಹುದಿತ್ತು. ಇದರೊಳಗಿರೋದು ಹೊಸ ಬಗೇದು, ಖಾಲಿ ಆದ ಜಾಗಾನ ತಾನೇ ಚೊಕ್ಕ ಮಾಡಿಡುತ್ತೆ." ಬರ್ನೀಸ್ ಕನ್ನಡಕ ಏರಿಸಿಕೊಂಡಳು. "ಬ್ಯಾಕಪ್ಪೇ ಗತಿ. ಆರ್ವೋ, ಬ್ಯಾಕಪ್ಪಿನಲ್ಲಿ ಅಳಿಸಿದ್ದನ್ನೂ ಎಸೀದೆ ಪಕ್ಕಕ್ಕಿಡು ಅಂತ ಹೇಳಿಕೊಟ್ಟಿದ್ದೆನಲ್ಲ, ಆ ಫೋಲ್ಡರು ನೋಡಿದೆಯಾ?"

"ನೋಡಿದೆ. ಅಲ್ಲೂ ಇಲ್ಲ" ಎಂದು ಬರೆದ.

"ಅಲ್ಲೂ ಇಲ್ವಾ?" ಬರ್ನೀಸ್ ತಾನೇ ಹುಡುಕಿದಳು. ಯಾವ ಕಾಲದ್ದೋ ತೆರಿಗೆ ಕಾಗದ, ಮೊಮ್ಮಗಳ ಹಾಕಿ ಆಟದ ಫೋಟೋ ಎಲ್ಲ ಇತ್ತು. ರೆಕಾರ್ಡಿಂಗಿನ ಸುಳಿವೇ ಇಲ್ಲ. "ಹಾಗಾದ್ರೆ ಇದು ಡಿಸ್ಕಿಂದ ಅಳಿಸಿಹೋಗಿಲ್ಲ ಕಣಯ್ಯಾ. ಅಳಿಸಿದ್ರೆ ಇಲ್ಲಿರಬೇಕಿತ್ತು. ಇದು ಡಿಸ್ಕಿಗೆ ಬಂದೇ ಇಲ್ಲ."

ಅದು ಇನ್ನೂ ಕೆಟ್ಟ ಸುದ್ದಿಯಂತೆ ಕೇಳಿಸಿತು ಲೋರ್ನಾಗೆ. ಆರ್ವೋ ಅಲ್ಲವೆಂದು ಜೋರಾಗಿ ತಲೆಯಾಡಿಸಿದ. ಲ್ಯಾಪ್‌ಟಾಪಿನಲ್ಲಿ ಮೇಲ್ ತೆಗೆದು ಬೆರಳು ಮಾಡಿ ತೋರಿಸಿದ. ರೆಕಾರ್ಡ್ ಮಾಡಿದ ದಿನಗಳಲ್ಲೆಲ್ಲ ಬೆಳಿಗ್ಗೆ ಬೆಳಿಗ್ಗೆ ತಾನಾಗೇ ಬ್ಯಾಕಪ್ ಆಗಲೆಂದು ಅವನು ಬರೆದಿಟ್ಟ ಸ್ಕ್ರಿಪ್ಟು ಅವನಿಗೇ ಕಳಿಸಿದ ಸಂದೇಶ: ಬ್ಯಾಕಪ್ ಯಶಸ್ವಿ, ಇಷ್ಟು ಹೊಸ ಫೈಲು ನಕಲಾಯಿತು.

"ನಕಲಾಗಿದೆ. ಡಿಸ್ಕಿನಲ್ಲಿಲ್ಲ." ಬರ್ನೀಸ್ ಗಲ್ಲ ಕೆರೆದುಕೊಂಡಳು. "ಆರ್‌ಸಿಂಕ್ ಅನ್ನೋ ಆ ನಕಲು ಪ್ರೋಗ್ರಾಮು ಸುಳ್ಳು ಹೇಳೋ ಪೈಕಿ ಅಲ್ಲ. ನೀನು ಹೇಳಿದ ಜಾಗಕ್ಕೆ ಸುರಿದಿದೆ. ನೀನು ಯಾವ ಜಾಗ ಹೇಳಿದ್ದೀಯೋ, ಅದು ನೋಡಬೇಕು."

ಸ್ಕ್ರಿಪ್ಟು ತೆರೆದು ಸಾಲು ಸಾಲಾಗಿ ಓದಿದರು. ಜಾಗ ಸರಿಯಾಗೇ ಇತ್ತು. ಬ್ಯಾಕಪ್ ಡಿಸ್ಕು ಯಾವ ಫೋಲ್ಡರಿನಲ್ಲಿ ಕಾಣಿಸಿಕೊಳ್ಳುತ್ತದೋ ಅದೇ ಫೋಲ್ಡರು. ಬರ್ನೀಸ್ ಎದ್ದು ಮೇಲೆ ಹೋಗಿ ಕಾಫಿ ತಂದಳು, ಅರ್ಧ ಬನ್ನು ತಿಂದಳು, ಮತ್ತೆ ಕೂತಳು. ಆರ್ವೋ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದ. ಕತ್ತಿನ ತೂತಿನ ಮೇಲಿನ ಬಟ್ಟೆ ಉಸಿರಿಗೆ ಅಲುಗುತ್ತಿತ್ತು. ಲೋರ್ನಾಗೆ ಅವನ ಉಸಿರಿನ ಆ ಹೊಸ ಸದ್ದು ಇನ್ನೂ ರೂಢಿಯಾಗಿರಲಿಲ್ಲ. ಇನ್ನು ಜೀವನವಿಡೀ ಇವನ ಬದಲು ಟ್ಯಾಬ್ಲೆಟ್ಟಿನೊಳಗಿನ ಆ ಬ್ಯಾಂಕಿನ ಫೋನ್ ಹೆಂಗಸಿನಂಥ ದನಿಯ ಜತೆಗೇ ಸಂಸಾರ ಮಾಡಬೇಕು ಎಂದುಕೊಂಡಾಗ ಅವಳಿಗೆ ತನ್ನ ಬೆರಳುಗಳ ಮೇಲೇ ಸಿಟ್ಟು ಬಂತು.

"ಇದೇನೋ ವಿಚಿತ್ರ" ಎಂದಳು ಬರ್ನೀಸ್. "ಆರ್ವೋ, ಏಳಯ್ಯಾ. ನಿನ್ನ ಲ್ಯಾಪ್‌ಟಾಪು ತುಂಬೋಕೆ ಬಂದಿದೆ ಅನ್ನುತ್ತೆ. ಫೋಲ್ಡರುಗಳನ್ನೆಲ್ಲ ಕೂಡಿಸಿದ್ರೆ ಅರ್ಧವೂ ಆಗಲ್ಲ. ಮನೇಲಿರೋರು ಇಬ್ಬರು, ಉಂಡ ತಟ್ಟೆ ನಾಲ್ಕು. ಮಿಕ್ಕವರು ಎಲ್ಲಿ?"

"ಕಸ ಇರಬೇಕು" ಎಂದು ಬರೆದ ಆರ್ವೋ, ನೆಟ್ಟಗೆ ಕೂತು.

"ಕಸ ಹೆಚ್ಚುಕಮ್ಮಿ ಸರಿಯಾಗಿ ಇಮ್ಮಡಿ ಇರುತ್ತಾ? ನಿನ್ನದೆಲ್ಲದರ ಇನ್ನೊಂದು ಪ್ರತಿ ಇದರೊಳಗೇ ಎಲ್ಲೋ ಕೂತಿದೆ. ಕಣ್ಣಿಗೆ ಕಾಣ್ತಿಲ್ಲ ಅಷ್ಟೆ." ಅವಳ ದನಿ ಸಣ್ಣಗಾಯಿತು. "ಆ ದಿನಗಳಲ್ಲಿ ಬ್ಯಾಕಪ್ ಡಿಸ್ಕು ಲ್ಯಾಪ್‌ಟಾಪಿಗೆ ಸಿಕ್ಕಿಸಿತ್ತಾ?"

ಆರ್ವೋ ಹೌದೆಂದು ತಲೆಯಾಡಿಸಿದ.

"ಎಲ್ಲಿ ಸಿಕ್ಕಿಸಿತ್ತು?" ಎಂದಳು ಲೋರ್ನಾ ಥಟ್ಟನೆ. "ಆ ಕಪ್ಪು ಡಬ್ಬಿ ತಾನೆ? ಅದು ಸೌನಾದ ಟವೆಲ್ ಗೂಡಿನಲ್ಲಿ ಬಿದ್ದಿತ್ತು. ನಾನು ಟವೆಲ್ ತೆಗೆಯೋವಾಗೆಲ್ಲ ಕೈಗೆ ತಾಗ್ತಿತ್ತು. ಬೀಳಿಸಿದ್ರೆ ಬಯ್ತೀಯ ಅಂತ ಮುಟ್ಟಲಿಲ್ಲ."

ಇಬ್ಬರೂ ಅವಳ ಕಡೆ ತಿರುಗಿದರು. ಆರ್ವೋ ಬದಿಯಲ್ಲಿ ವೈರು ಸಿಕ್ಕಿಸುವ ಕಿಂಡಿಗಳ ಮೇಲೆ ಬೆರಳಿಟ್ಟು ತೋರಿಸಿದ. ಹಳೆಯ ಲ್ಯಾಪ್‌ಟಾಪು, ಎರಡು ಕಿಂಡಿಗಳಲ್ಲಿ ಒಂದು ಸತ್ತು ವರ್ಷವಾಗಿತ್ತು. ಉಳಿದ ಒಂದೇ ಕಿಂಡಿಗೆ ಮೈಕು ಸಿಕ್ಕಿಸಬೇಕಾದರೆ ಡಿಸ್ಕನ್ನು ಕೀಳಲೇಬೇಕು. ಕಿತ್ತು ಟವೆಲ್ ಗೂಡಿಗೆ ಎಸೆದಿದ್ದ, ಸಂಜೆ ಮತ್ತೆ ಸಿಕ್ಕಿಸೋಣ ಎಂದುಕೊಂಡು. ಗಂಟಲಲ್ಲಿ ಗಡ್ಡೆ ಇಟ್ಟುಕೊಂಡ ಮನುಷ್ಯನಿಗೆ ಸಂಜೆ ಏನು ನೆನಪಿರುತ್ತದೆ?

"ಮತ್ತೆ ಯಾವಾಗ ಸಿಕ್ಕಿಸಿದ?" ಬರ್ನೀಸ್ ಅವಳನ್ನೇ ಕೇಳಿದಳು.

"ಆಸ್ಪತ್ರೆಯಿಂದ ಬಂದ ದಿನ. ಕೋಟು ಬಿಚ್ಚಲಿಲ್ಲ, ಬೂಟು ಬಿಚ್ಚಲಿಲ್ಲ, ಸೀದಾ ಇಲ್ಲಿಗಿಳಿದು ಮೈಕು ಕಿತ್ತು ಇದನ್ನ ಹಾಕಿದ. ಹಿಮವೆಲ್ಲ ಒಳಗೆ ತಂದ್ಯಲ್ಲೋ ಅಂತ ಬಯ್ದೆ ಕೂಡ."

"ಆಮೇಲೆ ಲ್ಯಾಪ್‌ಟಾಪ್ ತೆರೆದ."

"ಹೂಂ."

ಬರ್ನೀಸ್ ಬನ್ನಿನ ಕೆನೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತಳು. "ಆರ್ವೋ, ಡಿಸ್ಕು ತೆಗಿ."

ಅವನು ಡಿಸ್ಕಿನ ಮೇಲೆ ಅಂಗೈ ಇಟ್ಟು ಅಡ್ಡ ಹಿಡಿದ. ಇರುವ ಒಂದೇ ಬ್ಯಾಕಪ್ಪನ್ನು ಕೀಳು ಎಂದರೆ ಅವನಂಥವನಿಗೆ ಹೇಗಾಗಬೇಡ?

"ನಿನ್ನ ಡಿಸ್ಕಿಗೆ ಏನೂ ಆಗಲ್ಲ ಮಾರಾಯ. ಲೋರ್ನಾ, ನೀನು ಕೇಳು, ಈ ಗಂಡಸಿಗೆ ಈಗ ತಲೆ ಓಡ್ತಿಲ್ಲ. ಡಿಸ್ಕು ಬಂದು ಕೂರಲಿ ಅಂತ ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಫೋಲ್ಡರ್ ಇರುತ್ತೆ. ಡಿಸ್ಕು ಸಿಕ್ಕಿಸಿದ್ರೆ ಆ ಬಾಗಿಲಲ್ಲಿ ಡಿಸ್ಕು ಕಾಣುತ್ತೆ. ಸಿಕ್ಕಿಸದಿದ್ರೆ ಅದು ಬರೀ ಖಾಲಿ ಫೋಲ್ಡರು. ಇವನ ಸ್ಕ್ರಿಪ್ಟಿಗೆ ಡಿಸ್ಕು ಇದೆಯೋ ಟವೆಲ್ ಗೂಡಿನಲ್ಲಿದೆಯೋ ಏನು ಗೊತ್ತು? ಹೇಳಿದ ಫೋಲ್ಡರಿಗೆ ದಿನಾ ಸುರೀತು, ಯಶಸ್ವಿ ಅಂತು. ಆಮೇಲೆ ಇವನು ಡಿಸ್ಕು ಸಿಕ್ಕಿಸಿದ. ಅದು ಬಂದು ಅದರ ಮೇಲೇ ಕೂತ್ಕೊಳ್ತು."

"ಹಾಸಿಗೆ ಮೇಲೆ ಏನೋ ಬಿದ್ದಿರೋದು ನೋಡದೆ ಕಂಬಳಿ ಹೊದಿಸಿಬಿಟ್ಟ ಹಾಗೆ" ಎಂದಳು ಲೋರ್ನಾ.

"ಅದೇ! ಕಂಬಳಿ ತೆಗೀಬೇಕು ಈಗ."

ಆರ್ವೋ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡ. ಕಮಾಂಡನ್ನು ತಪ್ಪು ಬೆರಳಚ್ಚಿಸಿದ, ಅಳಿಸಿದ, ಮತ್ತೆ ಬೆರಳಚ್ಚಿಸಿದ. ಡಿಸ್ಕಿನ ದೀಪ ಆರಿತು. ಅದೇ ಫೋಲ್ಡರಿನಲ್ಲಿ ಏನಿದೆ ತೋರಿಸು ಎಂದು ಕೇಳಿದ.

ಖಾಲಿ ಇರಬೇಕಾದ ಫೋಲ್ಡರು ಖಾಲಿ ಇರಲಿಲ್ಲ. ತೆರಿಗೆ ಕಾಗದ, ಹಾಕಿ ಫೋಟೋ, ಪಾಕವಿಧಾನ, ಎಲ್ಲದರ ಕೊನೆಗೆ ಅವನು ಸೌನಾದಲ್ಲಿ ಕೂತು ಓದಿದ ದಿನಗಳ ಫೋಲ್ಡರು. ಅದರೊಳಗೆ ಫೈಲುಗಳ ಸಾಲು ಪರದೆಯ ಮೇಲಿಂದ ಕೆಳಕ್ಕೆ ಓಡತೊಡಗಿತು. ನಿಲ್ಲಲೇ ಇಲ್ಲ, ಓಡುತ್ತಲೇ ಹೋಯಿತು. ಆರ್ವೋ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಲೋರ್ನಾ ಎದ್ದು ಬಂದು ಅವನ ತಲೆಯನ್ನು ತನ್ನ ಏಪ್ರನ್ನಿಗೆ ಒತ್ತಿಕೊಂಡಳು.

"ಈಗಲೇ ಯಾರೂ ಏನೂ ಮುಟ್ಟಬೇಡಿ" ಎಂದು ಬರ್ನೀಸ್ ಗದರಿದಳು, ಕಣ್ಣು ಒರೆಸಿಕೊಳ್ಳುತ್ತಾ. "ಮೊದಲು ನಕಲು." ಜೇಬಿನಿಂದ ಒಂದು ಸಣ್ಣ ಡಿಸ್ಕು ತೆಗೆದಳು. ಲಿನಕ್ಸಿನ ಜನ ಮನೆಯಿಂದ ಹೊರಡುವಾಗ ಕರವಸ್ತ್ರ ಮರೆತಾರು, ಅದನ್ನು ಮರೆಯುವುದಿಲ್ಲ. "ಇದು ನನ್ನ ಮನೇಲಿರುತ್ತೆ. ನೀನು ಬೇರೆಯವರ ಕಂಪ್ಯೂಟರಿನಲ್ಲಿ ಇಡಲ್ಲ ಅಂದ್ರೆ ಬೇಡ, ನನ್ನ ಸಾಕ್ಸಿನ ಡ್ರಾಯರಿನಲ್ಲಿಡು."

ನಕಲು ಆಗುತ್ತಿರುವಾಗ ಆರ್ವೋ ಬರೆದ: "ಡಿಸ್ಕು ಇಲ್ಲದಿದ್ರೆ ನಿಲ್ಲು ಅಂತ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಹಾಕು ಅಂತ ನೀನು ಹೋದ ವರ್ಷವೇ ಹೇಳಿದ್ದೆ."

"ಹೇಳಿದ್ದೆ. ನೀನು ಸೋಮಾರಿ, ಹಾಕಲಿಲ್ಲ." ಬರ್ನೀಸ್ ಪರದೆಯ ಕಡೆ ಬೆರಳು ಮಾಡಿದಳು. "ಹಾಕಿದ್ದಿದ್ರೆ ಬ್ಯಾಕಪ್ಪೇ ನಿಂತಿರ್ತಿತ್ತು, ಈ ಪ್ರತೀನೂ ಇರ್ತಿರಲಿಲ್ಲ. ನಿನ್ನಂಥ ಅದೃಷ್ಟವಂತ ಪೆದ್ದನ್ನ ನಾನು ನೋಡಿಲ್ಲ. ಈಗ ಆ ಸಾಲು ಹಾಕು, ನನ್ನೆದುರಿಗೇ."

ಅವನು ಹಾಕಿದ. ಆಮೇಲೆ ಬರ್ನೀಸ್ ಹೇಳಿದಳು, ಒಂದನ್ನಾದರೂ ಕೇಳಿ ನೋಡೋಣ, ಫೈಲು ಇದ್ದರೆ ಸಾಲದು, ತೆರೆದುಕೊಳ್ಳಬೇಕು. ಸಿಕ್ಕಿದ್ದೊಂದನ್ನು ಒತ್ತಿದಳು.

"ದಯವಿಟ್ಟು ಕಿಟಕಿಯನ್ನು ಮುಚ್ಚುವಿರಾ?" ಎಂದಿತು ಆರ್ವೋನ ದನಿ, ಒರಟಾಗಿ, ಸೌನಾದ ಮರದ ಗೋಡೆಗಳ ನಡುವಿನಿಂದ. "ಥೂ, ಯಾರು ಹೀಗೆ ಮಾತಾಡ್ತಾರೆ? ಈ ಮನೇಲಿ ಯಾರಿಗೂ ಯಾರೂ ದಯವಿಟ್ಟು ಅಂದಿದ್ದೇ ಇಲ್ಲ." ಕಾಗದ ಮಗುಚಿದ ಸದ್ದು. ಎಲ್ಲಿಂದಲೋ ದೂರದಿಂದ ಹೆಂಗಸಿನ ಕೂಗು, ಏನೆಂದು ಸ್ಪಷ್ಟವಿಲ್ಲ. ಮೈಕಿಗೆ ಬೆನ್ನು ತಿರುಗಿಸಿದವನ ದೊಡ್ಡ ದನಿ: "ಬಂದೆ, ಬಂದೆ!" ಆಮೇಲೆ, ಕುರ್ಚಿ ಕದಲದೆ, ಮತ್ತೆ ಓದು. "ಇಂದು ಹವಾಮಾನ ಬಹಳ ಹಿತವಾಗಿದೆ."

"ನೋಡು, ಎದ್ದೇ ಇಲ್ಲ!" ಎಂದು ಲೋರ್ನಾ ಕಿರುಚಿದಳು. "ಬಂದೆ ಅಂದ, ಮುಂದಿನ ಸಾಲು ಓದಿದ! ಸಾಕ್ಷಿ ಸಮೇತ ಸಿಕ್ಕಿಬಿದ್ದ!" ಬರ್ನೀಸ್ ಬಿದ್ದು ಬಿದ್ದು ನಕ್ಕಳು. ಆರ್ವೋ ಭುಜ ಕುಲುಕಿಸುತ್ತ, ಸದ್ದಿಲ್ಲದೆ ನಗುತ್ತಿದ್ದ. ಲೋರ್ನಾ ನಗುತ್ತಲೇ ಅತ್ತಳು. "ಇನ್ನೊಂದ್ಸಲ ಹಾಕು" ಎಂದಳು. ಹಾಕಿದರು. ಮತ್ತೆ ಹಾಕಿಸಿಕೊಂಡಳು.

ರೆಕಾರ್ಡಿಂಗು ಅವತ್ತೇ ಓಡೆಟ್‌ಗೆ ಹೋಯಿತು. ಪೂರ್ತಿ ದನಿ ಕಟ್ಟಿಕೊಡಲು ಇನ್ನೂ ಕೆಲವು ವಾರ ಬೇಕು ಎಂದಳು ಅವಳು. ಅಲ್ಲಿಯವರೆಗೆ ಇರಲೆಂದು ಬರ್ನೀಸ್ ಹೋಗುವ ಮೊದಲು ಆರ್ವೋನ ಕಿವಿಯಲ್ಲಿ ಏನೋ ಹೇಳಿ, ಟ್ಯಾಬ್ಲೆಟ್ಟಿನಲ್ಲಿ ಏನೋ ಮಾಡಿಕೊಟ್ಟು ಹೋದಳು. ಏನೆಂದು ಲೋರ್ನಾ ಕೇಳಿದರೆ, ನಿನಗ್ಯಾಕೆ, ನೀನು ಆ ಟ್ಯಾಬ್ಲೆಟ್ ಮುಟ್ಟಬೇಡ ಎಂದು ರೇಗಿಸಿದಳು.

ಮುಂದಿನ ಗುರುವಾರ ಬಟಾಣಿ ಸೂಪು ಇಳಿಸಿ, ಬಟ್ಟಲಿಗೆ ಬಡಿಸಿ, ಲೋರ್ನಾ ಮೆಟ್ಟಿಲ ಕಡೆ ಮುಖ ಮಾಡಿದಳು. ಹೆಜ್ಜೆಯ ಸದ್ದು ಬರುತ್ತದೆಂದು ಗೊತ್ತಿದ್ದೂ, ಅದನ್ನು ಕೇಳುವ ಮನಸ್ಸಿಲ್ಲದೆ, ಮೆಲ್ಲಗೆ ಕೂಗಿದಳು.

"ಆರ್ವೋ, ಸೂಪ್ ಆರ್ತಾ ಇದೆ!"

"ಬಂದೆ, ಬಂದೆ!" ಎಂದಿತು ಕೆಳಗಿನಿಂದ ದಪ್ಪ ದನಿ.

ಲೋರ್ನಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕಿವಿ ಕೊಟ್ಟು ಕೇಳಿದಳು. ಹೆಜ್ಜೆ ಇಲ್ಲ, ಕುರ್ಚಿ ಎಳೆದ ಸದ್ದಿಲ್ಲ, ಕೀಲಿಮಣೆಯ ಟಕಟಕ ಮಾತ್ರ. ಬಟ್ಟಲಿನ ಹಬೆ ತೆಳ್ಳಗಾಗುತ್ತ ಬಂತು. ಅದನ್ನು ಮತ್ತೆ ಪಾತ್ರೆಗೆ ಸುರಿದು ಒಲೆಗಿಡಬೇಕಿತ್ತು. ಅವಳು ಹಾಗೆ ಮಾಡದೆ ಕುರ್ಚಿ ಎಳೆದುಕೊಂಡು, ಮೇಜಿಗೆ ಮೊಣಕೈ ಊರಿ ಕೂತಳು. ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಸಲ ಕರೆದಳು.